ಕ್ಯಾಸೆಟ್ ಪೂರಾ ನೋಡಿಸುತ್ತಿದ್ದವರು

ಅವರು ಬೆಂಕಿಯ ದೃಶ್ಯಗಳನ್ನು ದನಿ ಇಟ್ಟುಕೊಂಡೇ ನೋಡುತ್ತಿದ್ದರು. ನಮ್ಮ ಸುದ್ದಿವಾಹಿನಿಯಲ್ಲಿ ಬೇರೆ ಯಾರೂ ಹಾಗೆ ನೋಡುತ್ತಿರಲಿಲ್ಲ. ನಾವು ಡೆಸ್ಕಿನವರು ದನಿ ಪೂರ್ತಿ ಇಳಿಸಿ, ಚಿತ್ರವನ್ನು ವೇಗವಾಗಿ ಓಡಿಸಿ, ಬೇಕಾದ ಹತ್ತು ಹನ್ನೆರಡು ಸೆಕೆಂಡು ಸಿಕ್ಕ ಕೂಡಲೇ ಎದ್ದುಬಿಡುತ್ತಿದ್ದೆವು. ದನಿ ಯಾಕೆ ಬೇಕು ಎಂದು ಒಮ್ಮೆ ಕೇಳಿದೆ.

“ದನಿ ಇಲ್ದ ನೋಡಿದ್ರ ಬೆಂಕಿ ಭಾಳ ಚಂದ ಕಾಣ್ತೈತಿ ತಮ್ಮಾ” ಅಂದರು.

ಹೋದ ವಾರ ತೀರಿಕೊಂಡರು. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಕೈಮುಗಿದ ಚಿಹ್ನೆಗಳ ನಡುವೆ ಹೊಸಬನೊಬ್ಬ “ಯಾವ ಕಾಕಾ?” ಎಂದು ಕೇಳಿದ್ದ. “ಲೈಬ್ರರಿ ಕಾಕಾ” ಎಂದು ಯಾರೋ ಉತ್ತರಿಸಿದ್ದರು. ಅಲ್ಲಿಗೆ ಮಾತು ಮುಗಿದಿತ್ತು.

ಹೈದರಾಬಾದಿನ ಅಬಿಡ್ಸ್‌ನ ಹಿಂಬದಿಯ ರಸ್ತೆಯಲ್ಲಿದ್ದ ನಾಲ್ಕಂತಸ್ತಿನ ಕಟ್ಟಡದಲ್ಲಿ ಒಬ್ಬರೇ ಮಾಲೀಕರ ಐದು ಭಾಷೆಗಳ ವಾಹಿನಿಗಳು ನಡೆಯುತ್ತಿದ್ದವು. ಕನ್ನಡದ ಡೆಸ್ಕ್ ಮೂರನೆಯ ಮಹಡಿಯ ಮೂಲೆಯಲ್ಲಿತ್ತು. ಪತ್ರಿಕೋದ್ಯಮದ ಎಂ.ಎ. ಮುಗಿಸಿ ಹಾಸನದಿಂದ ಬಂದ ನಾನು ಅಲ್ಲಿ ಉಪಸಂಪಾದಕನಾಗಿದ್ದೆ. ಹಳೆಯ ದೃಶ್ಯಗಳನ್ನು ಕಾಪಾಡುವ ಕ್ಯಾಸೆಟ್ ಲೈಬ್ರರಿ ಮಾತ್ರ ಐದೂ ಭಾಷೆಗಳಿಗೆ ಸೇರಿ ಒಂದೇ; ನೆಲಮಹಡಿಯಲ್ಲಿ, ಜನರೇಟರ್ ಕೋಣೆಯ ಪಕ್ಕದಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವರು ಇವರು. ರಾಯಚೂರು ಕಡೆಯವರು. ನಮಗೆ ಕಾಕಾ, ತೆಲುಗಿನವರಿಗೆ ಅಂಕುಲ್, ಹಿಂದಿ ಮತ್ತು ಉರ್ದುವಿನವರಿಗೆ ಚಾಚಾ. ಯಾರು ಹೇಗೆ ಕರೆದರೂ ತಿರುಗಿ ನೋಡದೆ ಓ ಅನ್ನುತ್ತಿದ್ದರು.

ಗಲಭೆಗಳ ಕ್ಯಾಸೆಟ್‌ಗಳನ್ನು ಬೇರೆಯೇ ಒಂದು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮಂತ್ರಿ, ಮಳೆ, ಕ್ರಿಕೆಟ್ ಯಾರು ಬೇಕಾದರೂ ಒಯ್ಯಬಹುದು. ಆ ಕಪಾಟಿನದು ಬೇಕಾದರೆ ಅವರ ಎದುರಿನ ಸ್ಟೂಲಿನ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ, ದನಿ ಸಮೇತ ನೋಡಬೇಕು. “ಪೂರಾ ನೋಡ್ರಿ. ಆಮ್ಯಾಲ ಎಷ್ಟು ಬೇಕೋ ಅಷ್ಟು ಕತ್ತರಿಸ್ಕೊಳ್ರಿ.” ಇದು ಸಂಸ್ಥೆಯ ನಿಯಮವಲ್ಲ, ಅವರೇ ಮಾಡಿಕೊಂಡದ್ದು. ದೂರು ಹೋಗಿ ಮೇಲಿನವರು ಕರೆದು ಕೇಳಿದರೆ “ಮಷೀನ್ ಹಳೇದ್ರಿ ಸರ, ಜೋರ್ ಓಡಿಸಿದ್ರ ಟೇಪ್ ಕಚ್ಚತೈತಿ” ಎನ್ನುತ್ತಿದ್ದರು. ಮಷೀನು ಚೆನ್ನಾಗಿಯೇ ಇತ್ತು.

ತೆಲುಗು ಡೆಸ್ಕಿನ ಹುಡುಗಿಯೊಬ್ಬಳು ಹೀಗೆ ಕುಳಿತು ಅತ್ತದ್ದನ್ನು ನಾನು ಕಂಡಿದ್ದೇನೆ. ಕ್ಯಾಸೆಟ್ಟಿನ ಕೊನೆಯಲ್ಲಿ, ಎಲ್ಲ ಮುಗಿದು ರಸ್ತೆ ಖಾಲಿಯಾದ ಮೇಲೆ, ಒಬ್ಬ ಮುದುಕಿ ರಾಶಿ ಬಿದ್ದ ಚಪ್ಪಲಿಗಳಲ್ಲಿ ತನ್ನದರ ಜೊತೆಯನ್ನು ಹುಡುಕುತ್ತಾಳೆ. ಸಿಗುವುದಿಲ್ಲ. ಕ್ಯಾಮೆರಾದವನು ಅದನ್ನೂ ಹಿಡಿದಿದ್ದ. ಕಾಕಾ ಅಳುತ್ತಿದ್ದ ಹುಡುಗಿಗೆ ನೀರು ಕೊಟ್ಟರು. ಸಮಾಧಾನ ಹೇಳಲಿಲ್ಲ. “ಈಗ ಯಾವ ಹತ್ತು ಸೆಕೆಂಡ್ ಬೇಕು ಹೇಳವ್ವಾ” ಅಂದರು. ಅವಳು ಪೊಲೀಸ್ ವ್ಯಾನ್ ಬರುವ ಭಾಗವನ್ನು ತೆಗೆದುಕೊಂಡು ಹೋದಳು. ಹಾಗೆ ನೋಡಿಸುವುದರಲ್ಲಿ ಸ್ವಲ್ಪ ಕ್ರೌರ್ಯವಿತ್ತು ಎಂದು ಆಗ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಹಠಮಾರಿ ಮನುಷ್ಯ. ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಯಾರನ್ನೂ ಹೊಗಳಿದ್ದು ಕೇಳಿಲ್ಲ. ನನ್ನ ಕನ್ನಡವನ್ನು ಆಡಿಕೊಳ್ಳುವುದು ಅವರಿಗೆ ದಿನದ ಚಹಾದ ಹಾಗೆ. “ಇದೆ, ಬರುತ್ತೆ, ಹೋಗುತ್ತೆ... ನಿಮ್ಮ ಕಡೆ ಮಂದಿ ಜಗಳ ಆಡಿದ್ರೂ ಪಾಠ ಹೇಳ್ದಂಗ ಇರ್ತೈತಿ ನೋಡು.” ಮನೆಯಲ್ಲಿ ಸುದ್ದಿ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಾರೆಂದೂ ಧಾರಾವಾಹಿಗಳನ್ನು ಮಾತ್ರ ಬಿಡದೆ ನೋಡುತ್ತಾರೆಂದೂ ಅವರ ಹೆಂಡತಿ ಹೇಳುತ್ತಿದ್ದರು.

‘ಉದ್ವಿಗ್ನ’ ಎಂಬ ಪದ ಕಂಡರೆ ಅವರಿಗಾಗುತ್ತಿರಲಿಲ್ಲ. ಒಂದು ಸಲ ನಾನು ಯಾವುದೋ ಬಡಾವಣೆಯ ಬಗ್ಗೆ ‘ಪರಿಸ್ಥಿತಿ ಉದ್ವಿಗ್ನವಾಗಿದೆ’ ಎಂದು ಬರೆದು ಕೆಳಗೆ ಬಂದಿದ್ದೆ.

“ಯಾರ್ನ ಕೇಳಿ ಬರ್ದಿ?”

“ಏಜೆನ್ಸಿ ಸುದ್ದಿ ಕಾಕಾ.”

“ಅಲ್ಲಿ ಇವತ್ತು ಹಾಲಿನವ ಬಂದಾನೋ ಇಲ್ಲೋ ಕೇಳು.”

ನಾನು ನಕ್ಕೆ. ಅವರು ನಗಲಿಲ್ಲ. ತಮ್ಮ ಮೇಜಿನ ಫೋನೆತ್ತಿ, ಆ ಬಡಾವಣೆಯ ಯಾವುದೋ ಕಿರಾಣಿ ಅಂಗಡಿಗೆ ಕರೆ ಮಾಡಿ, ದಖನಿ ಉರ್ದುವಿನಲ್ಲಿ ಕ್ಷೇಮ ವಿಚಾರಿಸಿ ಇಟ್ಟರು. “ಹಾಲು ಬಂದೈತಿ. ಹುಡುಗರ ಸಾಲಿನೂ ನಡದೈತಿ. ನಿನ್ನ ಉದ್ವಿಗ್ನ ನಿನ್ನ ಮೂರನೇ ಮಾಳಗಿ ಮ್ಯಾಲೆ ಐತಿ ನೋಡು.” ಅವರ ಬಳಿ ಅಂಥ ನಂಬರುಗಳು ಎಷ್ಟೋ ಇದ್ದವು. ಕ್ಯಾಸೆಟ್ಟಿನಲ್ಲಿ ಕಂಡ ಓಣಿಗಳಿಗೆ ರಜೆಯ ದಿನ ಹೋಗಿ, ಚಹಾ ಕುಡಿದು, ನಂಬರ್ ಕೊಟ್ಟು ತಂದದ್ದು.

ಇನ್ನೊಂದು ವಾದವೂ ಅವರಿಗಿತ್ತು. ಗಲಭೆಯ ಸುದ್ದಿಯಲ್ಲಿ ನಾವು ಧರ್ಮದ ಹೆಸರು ಬರೆಯುವುದಿಲ್ಲ. ‘ಒಂದು ಕೋಮಿನವರು’, ‘ಇನ್ನೊಂದು ಕೋಮಿನವರು’ ಎನ್ನುತ್ತೇವೆ. ಕಾಲೇಜಿನಲ್ಲಿ ಇದನ್ನು ಹೊಣೆಗಾರಿಕೆ ಎಂದು ಕಲಿಸಿದ್ದರು. “ಬಾಯಾಗ ಮುಚ್ಚತೀರಿ, ಚಿತ್ರದಾಗ ಬಿಚ್ಚತೀರಿ” ಎಂಬುದು ಕಾಕಾನ ಮಾತು. “ಮಂದಿ ನಿನ್ನ ಅಕ್ಷರ ಓದೂದಿಲ್ಲ. ಅಂಗಡಿ ಬೋರ್ಡ್ ನೋಡ್ತಾರ, ಗಡ್ಡ ನೋಡ್ತಾರ, ಹಣಿ ನೋಡ್ತಾರ.” ಆದರೂ ಆ ರೂಢಿಯನ್ನು ಈ ಬರಹದಲ್ಲಿ ಉಳಿಸಿಕೊಂಡಿದ್ದೇನೆ. ಮುಂದೆ ಬರುವ ಇಬ್ಬರು ಅಂಗಡಿಕಾರರು ಬೇರೆ ಬೇರೆ ಧರ್ಮದವರು ಎಂಬಷ್ಟು ತಿಳಿದರೆ ಸಾಕು.

ಆ ದಿನ ಮಧ್ಯಾಹ್ನ ನಗರದ ಉತ್ತರ ತುದಿಯ ಕಾಲೊನಿಯೊಂದರಲ್ಲಿ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಸುದ್ದಿ ಬಂತು, ದೃಶ್ಯ ಬರಲಿಲ್ಲ. ವರದಿಗಾರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಮೂರು ಗಂಟೆಯ ವಾರ್ತೆಗೆ ಎಂಟು ನಿಮಿಷ ಉಳಿದಿತ್ತು. “ಆಂಕರ್ ಮುಖಾನೇ ಎಷ್ಟು ಹೊತ್ತು ತೋರಿಸೋದ್ರೀ? ಏನಾದ್ರೂ ತನ್ನಿ” ಎಂದು ಡೆಸ್ಕಿನ ಮುಖ್ಯಸ್ಥರು ಕೂಗಿದರು. ನಾನು ಕೆಳಗೆ ಓಡಿದೆ.

ಹಳೆಯ ಪಟ್ಟಣದ ಓಣಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ಗಾದಿ ಅಂಗಡಿಗೆ ಬೆಂಕಿ ಹಚ್ಚಿದ ಕ್ಯಾಸೆಟ್ ಅಲ್ಲಿರುವುದು ನನಗೆ ಗೊತ್ತಿತ್ತು. ಹತ್ತಿಯ ಬೆಂಕಿ; ಎದ್ದು ಕಾಣುವಂಥದ್ದು. ಕಾಕಾ ಬೀಗ ತೆಗೆದು ಕ್ಯಾಸೆಟ್ ಕೈಯಲ್ಲಿ ಹಿಡಿದುಕೊಂಡರು. ಕೊಡಲಿಲ್ಲ.

“ನಲವತ್ತು ನಿಮಿಷ ಐತಿ. ಕೂಡು.”

“ಎಂಟು ನಿಮಿಷದಲ್ಲಿ ವಾರ್ತೆ ಕಾಕಾ.”

“ಹಂಗಾರ ಬ್ಯಾರೆ ಏನರ ಹಾಕು. ನಕಾಶಿ ಹಾಕು.”

“ಇದನ್ನ ಹೋದ ತಿಂಗಳೇ ಪೂರ್ತಿ ನೋಡಿದ್ದೀನಿ. ನೀವು ರಜೆಯಲ್ಲಿದ್ರಿ.”

ಸುಳ್ಳು. ಅವರು ನನ್ನ ಮುಖ ನೋಡಿದರು. ಆಮೇಲೆ ಕೊಟ್ಟರು.

ಹನ್ನೆರಡು ಸೆಕೆಂಡು ತೆಗೆದೆ. ನಿಯಮದಂತೆ ಮೇಲಿನ ಮೂಲೆಯಲ್ಲಿ ‘ಸಂಗ್ರಹ ಚಿತ್ರ’ ಎಂದು ಹಾಕಿಸಿದೆ. ಮೂರು ಗಂಟೆಗೆ ಪ್ರಸಾರವಾಯಿತು. ಯಾವ ಕೈಪಿಡಿ ತೆರೆದು ನೋಡಿದರೂ ನನ್ನ ಕೆಲಸದಲ್ಲಿ ತಪ್ಪು ಸಿಗುವುದಿಲ್ಲ.

ಯಾವುದೋ ಹೋಟೆಲಿನ ಟಿವಿಯಲ್ಲಿ ನಮ್ಮ ವಾಹಿನಿ ಓಡುತ್ತಿತ್ತಂತೆ. ಊಟಕ್ಕೆ ಕುಳಿತಿದ್ದವನೊಬ್ಬ ಓಣಿಯ ಗುರುತು ಹಿಡಿದು, ತೆರೆಯನ್ನು ಫೋನಿನಲ್ಲಿ ಚಿತ್ರೀಕರಿಸಿ ಹಂಚಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅದನ್ನು ನೋಡಿದವರಿಗೂ ಬರುತ್ತಿರಲಿಲ್ಲ. ಹೈದರಾಬಾದಿನ ಬೆಂಕಿಯನ್ನು ಹೈದರಾಬಾದಿನಲ್ಲೇ ಕುಳಿತು ತೋರಿಸಿ, ಅದು ಹಳೆಯದು ಎಂಬುದನ್ನು ಹೈದರಾಬಾದ್ ಓದಲಾರದ ಅಕ್ಷರದಲ್ಲಿ ಹೇಳಿದ್ದೆವು.

ನಾಲ್ಕು ಗಂಟೆಗೆ ಲೈಬ್ರರಿಯ ಫೋನಿಗೆ ಆ ಓಣಿಯಿಂದ ಕರೆ ಬಂತು. ಕರೆ ಮಾಡಿದವನು ಗಾದಿ ಅಂಗಡಿಯ ಎದುರಿಗೇ ಇಸ್ತ್ರಿ ಅಂಗಡಿ ಇಟ್ಟುಕೊಂಡವನು. “ಅಂಕುಲ್, ಮೀ ಟೀವೀಲೋ ಏಂ ವೇಶಾರು?” ನಿಮ್ಮ ಟಿವಿಯಲ್ಲಿ ಏನು ಹಾಕಿದಿರಿ ಎಂದು ಅವನು ಕೇಳಿದ್ದು ಕ್ಯಾಸೆಟ್ ಹಿಂತಿರುಗಿಸಲು ಹೋಗಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ದೊಡ್ಡ ರಸ್ತೆಯಿಂದ ಜನ ಬಂದಿದ್ದರು. ಗಾದಿ ಅಂಗಡಿಯನ್ನು ಇವತ್ತು ಸುಟ್ಟರು ಎಂದು ನಂಬಿ ಬಂದವರು. ಅದಕ್ಕೆ ಉತ್ತರವಾಗಿ ಎದುರಿನ ಇಸ್ತ್ರಿ ಅಂಗಡಿಯನ್ನು ಸುಡುವುದು ಅವರ ಲೆಕ್ಕ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವನ ಹೆಂಡತಿ ಮತ್ತು ತಾಯಿ ಇದ್ದರು.

ಗಾದಿ ಅಂಗಡಿ ಸುಟ್ಟಿಲ್ಲವೆಂದು ಬಂದವರಿಗೆ ಕಾಣುವುದಿಲ್ಲವೇ ಎಂದು ಕೇಳಿದೆ. ಕಾಕಾ ಪೊಲೀಸರಿಗೆ ಫೋನ್ ಹಚ್ಚುತ್ತಲೇ ಹೇಳಿದರು: ಹಳೆಯ ಬೆಂಕಿಯ ಮಸಿ ಇನ್ನೂ ಗೋಡೆಯ ಮೇಲಿದೆ, ಕಟ್ಟಡದ ಮಾಲೀಕ ಸುಣ್ಣ ಹೊಡೆಸಿಲ್ಲ. ಗಾದಿಯವನು ಮದುವೆ ಮಂಟಪಕ್ಕೆ ಹಾಸಿಗೆ ಒಯ್ದಿದ್ದಾನಂತೆ, ಶಟರ್ ಮುಚ್ಚಿದೆ. ಕಪ್ಪು ಗೋಡೆ, ಮುಚ್ಚಿದ ಶಟರ್. ಹೊರಗಿನಿಂದ ಬಂದವನಿಗೆ ಇನ್ನೇನು ಬೇಕು? ಪೊಲೀಸರು ಎಲ್ಲರೂ ಉತ್ತರದ ಕಾಲೊನಿಯಲ್ಲಿದ್ದರು. ಕಳಿಸುತ್ತೇವೆ ಎಂದರು.

“ನಡಿ” ಎಂದು ಕಾಕಾ ನನ್ನ ಮಣಿಕಟ್ಟು ಹಿಡಿದರು.

ಆಟೋ ಮೂಸಿ ನದಿ ದಾಟಿದಾಗ ಕಾಕಾ ಫೋನ್ ತೆಗೆದರು. ಗಾದಿಯವನಿಗೆ ಫೋನ್ ಮಾಡಿ, ಕೀಲಿ ತಗೊಂಡು ಬೇಗ ಬಾ ಎಂದು ದಖನಿಯಲ್ಲಿ ಹೇಳಿದರು. ಆಮೇಲೆ ನನ್ನತ್ತ ನೋಡದೆ ಕೇಳಿದರು: “ಪೂರಾ ನೋಡಿದ್ದಿ?”

“ಇಲ್ಲ ಕಾಕಾ.”

ಆಟೋದವನು ತಿರುವಿನಲ್ಲೇ ನಿಲ್ಲಿಸಿದ. ಮುಂದಕ್ಕೆ ನಡೆದು ಹೋದೆವು.

ನಲವತ್ತು ಐವತ್ತು ಜನರಿದ್ದರು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಯಾರದೋ ಇಸ್ತ್ರಿ ಮಾಡಿದ ಬಟ್ಟೆಗಳು ರಸ್ತೆಯಲ್ಲಿ ಬಿದ್ದಿದ್ದವು. ಇಸ್ತ್ರಿಯವನು ಮೇಜಿನ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದ. ಒಬ್ಬನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಒಳಗಿರುವುದು ನೀರಲ್ಲ ಎಂದು ವಾಸನೆಯಿಂದ ತಿಳಿಯಿತು. ಇನ್ನೊಬ್ಬ ಹೆಲ್ಮೆಟ್ ಹಾಕಿಕೊಂಡೇ ಇದ್ದ. ಕಣ್ಣು ಮಾತ್ರ ಕಾಣುತ್ತಿತ್ತು. ಅವನೇ ನನ್ನ ಎದುರು ಬಂದು ನಿಂತ.

“ನಾಮ್ ಬೋಲ್.”

ನನ್ನ ಹೆಸರು ಹೇಳಿದರೆ ನನ್ನ ಧರ್ಮ ತಿಳಿಯುತ್ತಿತ್ತು. ಬೇರೆ ಹೆಸರು ಹೇಳೋಣವೆಂದು ಬಾಯಿ ತೆರೆದೆ. ಯಾವ ಹೆಸರು ಎಂದು ಇನ್ನೂ ತೋಚಿರಲಿಲ್ಲ. ಅಷ್ಟರಲ್ಲಿ ಕಾಕಾ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಯೇಇಚ್ ಡಾಲಾ ಟೀವೀ ಪೇ.”

ಟಿವಿಯಲ್ಲಿ ಹಾಕಿದವನು ಇವನೇ. ಹಾಗೆ ಹೇಳುವಾಗ ಅವರು ನನ್ನ ಮಣಿಕಟ್ಟು ಬಿಟ್ಟರು.

ನಾನು ಹೆಚ್ಚು ಸಲ ತಿರುಗಿ ನೋಡುವುದು ಈ ಭಾಗವನ್ನು. ಇಸ್ತ್ರಿ ಅಂಗಡಿಯ ಕಡೆಗಿದ್ದ ಮುಖಗಳೆಲ್ಲ ನನ್ನ ಕಡೆಗೆ ತಿರುಗಿದವು. ಹೆಲ್ಮೆಟ್ಟಿನವನು ಕೊರಳಪಟ್ಟಿ ಹಿಡಿದ. ಹಿಂದಿನಿಂದ ಯಾರೋ ಕಿವಿಯ ಮೇಲೆ ಹೊಡೆದರು. ಫೋನ್ ಕಿತ್ತುಕೊಂಡರು. ಕಾಕಾ ಮುಂದುವರಿಸಿದರು: ಆ ಚಿತ್ರ ವರ್ಷಗಳ ಹಿಂದಿನದು, ಅಂಗಡಿ ಸುಟ್ಟಿಲ್ಲ, ಕೀಲಿ ಬರುತ್ತಿದೆ, ಬಂದ ಮೇಲೆ ನೀವೇ ನೋಡಿ. ಅಲ್ಲಿಯವರೆಗೆ ಇವನನ್ನು ಕೇಳಿ, ಹೇಳುತ್ತಾನೆ. ಇಷ್ಟು ಹೇಳಿ ಹೋಗಿ ಇಸ್ತ್ರಿಯ ಮೇಜಿನ ಮೇಲೆ ಕುಳಿತರು. ಬಟ್ಟೆ ತಗೊಂಡು ಹೋಗಲು ಬಂದವರ ಹಾಗೆ, ಕಾಲು ಇಳಿಬಿಟ್ಟುಕೊಂಡು.

ನಾನು ಹೇಳಿದೆ. ನನ್ನ ಹಿಂದಿ ಆಗ ಬಹಳ ಕೆಟ್ಟದಾಗಿತ್ತು. ಕಲ್ಲು ಬಿದ್ದ ಜಾಗದ ಚಿತ್ರ ಇನ್ನೂ ಬಂದಿರಲಿಲ್ಲ, ಅದಕ್ಕೆ ಹಳೆಯದನ್ನು ಹಾಕಿದೆ ಎಂದೆ. ಮತ್ತೆ ಹೇಳಿಸಿದರು. ಮತ್ತೆ ಹೇಳಿದೆ.

“ನಯಾ ನಹೀಂ ಮಿಲಾ ತೋ ಪುರಾನಾ ಡಾಲ್ ದಿಯೇ?” ಹೊಸದು ಸಿಗದಿದ್ದರೆ ಹಳೆಯದನ್ನು ಹಾಕಿಬಿಟ್ಟೆಯಾ ಎಂದು ಬಾಟಲಿ ಹಿಡಿದವನು ಕೇಳಿದ. “ಬಾಸೀ ಬಿರ್ಯಾನಿ ಹೈ ಕ್ಯಾ ರೇ?”

ಕೆಲವರು ನಕ್ಕರು. ಹಳಸಿದ ಬಿರ್ಯಾನಿ ಬಡಿಸಿದವನು ಎಂದು ಆಮೇಲೆ ಬಂದವರಿಗೂ ನನ್ನನ್ನು ತೋರಿಸಿದರು. ಆ ನಗುವಿನಿಂದ ನನಗೆ ಧೈರ್ಯ ಬರಲಿಲ್ಲ. ನಗುತ್ತಲೇ ಇನ್ನೊಬ್ಬ ಹೊಡೆದ. ಸಂಬಳ ಯಾರು ಕೊಡುತ್ತಾರೆ, ಯಾರು ಹಾಕು ಅಂದರು, ನಿನ್ನ ಮನೆ ಹೀಗೆ ತೋರಿಸಿದರೆ ಏನು ಮಾಡುತ್ತಿ ಎಂದೆಲ್ಲ ಕೇಳಿದರು. ಉತ್ತರ ಗೊತ್ತಿದ್ದಕ್ಕೆ ಹೇಳಿದೆ. ಇಪ್ಪತ್ತೈದು ನಿಮಿಷವಂತೆ. ಹಿಂತಿರುಗುವ ಆಟೋದಲ್ಲಿ ಕಾಕಾ ಹೇಳಿದ್ದು. ಅಷ್ಟೂ ಹೊತ್ತು ಅವರು ಮೇಜಿನಿಂದ ಇಳಿದು ನನ್ನ ಬಳಿ ಬರಲಿಲ್ಲ.

ಗಾದಿಯವನು ಸ್ಕೂಟರಿನಲ್ಲಿ ಬಂದ. ತಲೆಯ ತುಂಬ ಹತ್ತಿಯ ಎಳೆಗಳು. ಯಾರ ಜೊತೆಗೂ ಮಾತಾಡದೆ ನೇರ ಹೋಗಿ ಶಟರ್ ಎತ್ತಿದ. ಒಳಗೆ ಛಾವಣಿಯವರೆಗೆ ಗಾದಿಗಳು, ದಿಂಬುಗಳು. ಎಲ್ಲ ಬೆಳ್ಳಗೆ. “ಬರಸಾಂ ಹೋ ಗಯೇ ಜಲ್ ಕೇ!” ಎಂದು ಕೂಗಿದ. ಸುಟ್ಟು ವರ್ಷಗಳಾದವು. ಆ ದಿನ ಬೆಂಕಿ ಆರಿಸಿದ್ದು ಯಾರು ಗೊತ್ತೇ ನಿಮಗೆ ಎಂದು ಎದುರಿನ ಇಸ್ತ್ರಿ ಅಂಗಡಿಯತ್ತ ಕೈ ತೋರಿಸಿದ.

ಜನ ಚದುರಿದರು. ಯಾರೂ ತಲೆ ತಗ್ಗಿಸಲಿಲ್ಲ. ಹೆಲ್ಮೆಟ್ಟಿನವನು ಫೋನ್ ಹಿಂತಿರುಗಿಸುತ್ತ, ಇಲ್ಲಿ ಅಲ್ಲದಿದ್ದರೆ ಬೇರೆಲ್ಲೋ ಸುಟ್ಟಿರಬೇಕು ಎಂದು ಗೊಣಗಿದ. ಇಸ್ತ್ರಿಯವನೂ ಗಾದಿಯವನೂ ರಸ್ತೆಯ ಬಟ್ಟೆಗಳನ್ನು ಹೆಕ್ಕತೊಡಗಿದರು. 

ಆ ಸಂಜೆ ಕಾಕಾ ಮೂರನೆಯ ಮಹಡಿಗೆ ಬಂದರು. ಕ್ಯಾಸೆಟ್ಟಿನ ಉಳಿದ ಭಾಗವನ್ನೂ ತೋರಿಸಿ ಎಂದು ಮುಖ್ಯಸ್ಥರನ್ನು ಕೇಳಿದರು. “ಬೆಂಕಿ ಆರಿಸೋದನ್ನ ಯಾರು ನೋಡ್ತಾರೆ ಕಾಕಾ?” ಎಂದು ಮುಖ್ಯಸ್ಥರು ಬೇಸರದಿಂದಲೇ ಹೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಏಳು ಗಂಟೆಯ ವಾರ್ತೆಯಲ್ಲಿ ತೆರೆಯ ಕೆಳಗೆ ಒಂದು ಸಾಲಿನ ಸ್ಪಷ್ಟನೆ ಓಡಿತು. ಅದೂ ಕನ್ನಡದಲ್ಲಿ.

ನಾನು ಕೆಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತು ನಲವತ್ತು ನಿಮಿಷವೂ ನೋಡಿದೆ. ನನ್ನ ಹನ್ನೆರಡು ಸೆಕೆಂಡು ಬೇಗ ಕಳೆದುಹೋಯಿತು. ಹತ್ತೊಂಬತ್ತನೆಯ ನಿಮಿಷದಲ್ಲಿ ಇಸ್ತ್ರಿಯವನು ತನ್ನ ನೀರಿನ ಪೀಪಾಯಿಯನ್ನು ಒಬ್ಬನೇ ಉರುಳಿಸಿಕೊಂಡು ರಸ್ತೆ ದಾಟುತ್ತಾನೆ. ತೆಲುಗಿನಲ್ಲಿ ಬಕೆಟ್ ಕೇಳುತ್ತಾನೆ. ಮೇಲಿನ ಕಿಟಕಿಯಿಂದ ಉರ್ದುವಿನಲ್ಲಿ ಯಾರೋ ಉತ್ತರಿಸುತ್ತಾರೆ. ಆಮೇಲೆ ಬಕೆಟ್‌ಗಳು ಬರುತ್ತವೆ. ಕ್ಯಾಮೆರಾದವನು ಕೆಮ್ಮುತ್ತಾನೆ. ಮೊದಲೇ ನೋಡಿದ್ದರೆ ಆ ಹನ್ನೆರಡು ಸೆಕೆಂಡನ್ನು ತೆಗೆಯುತ್ತಿರಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ವಾರ್ತೆಗೆ ಎಂಟು ನಿಮಿಷವಿದ್ದಾಗ ಏನು ಮಾಡುತ್ತಿದ್ದೆನೋ ತಿಳಿಯದು.

ಕಾಕಾ ಪಕ್ಕದಲ್ಲೇ ಇದ್ದರು. ನಾವು ಮಾತಾಡಲಿಲ್ಲ. ಎರಡು ತಿಂಗಳು ಹಾಗೇ ನಡೆಯಿತು. ಈ ಸಲ ಮಾತು ಬಿಟ್ಟವನು ನಾನು. ಆಮೇಲೆ ರಾಜೀನಾಮೆ ಕೊಟ್ಟು ಮಣಿಕೊಂಡದ ಕಂಪನಿಯೊಂದಕ್ಕೆ ಸೇರಿದೆ. ಫೋನಿನ ಆ್ಯಪ್‌ಗಳ ಕನ್ನಡ ತಿದ್ದುವ ಕೆಲಸ. ಊಟ ತರುವವರು ಹೆಲ್ಮೆಟ್ ತೆಗೆಯದೆ ಬಾಗಿಲಲ್ಲಿ ನಿಂತರೆ ಈಗಲೂ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ.

ಹೋದ ವರ್ಷ ಅವರಿಗೆ ಹುಷಾರಿಲ್ಲವೆಂದು ಕೇಳಿ ನಾರಾಯಣಗೂಡದ ಮನೆಗೆ ಹೋದೆ. ಕೆಳಗೆ ಕೋಚಿಂಗ್ ಸೆಂಟರ್, ಮೇಲೆ ಇವರ ಬಾಡಿಗೆ ಮನೆ. “ಬರ್ರಿ, ಒಳಗ ಬರ್ರಿ” ಎಂದು ಅವರ ಹೆಂಡತಿ ಕರೆದರು. “ಧಾರಾವಾಹಿ ಮುಗಿದೈತಿ. ಈಗ ನಿಮ್ಮನ್ನ ನೋಡ್ತಾರ.” ಕಾಕಾ ಬಹಳ ಇಳಿದುಹೋಗಿದ್ದರು. ನನ್ನ ಕೆಲಸವೇನೆಂದು ಕೇಳಿ, “ಅಂದ್ರ ಫೋನಿಗೂ ನಿಮ್ಮ ಕಡೆ ಕನ್ನಡ ಕಲಿಸಾಕತ್ತಿ” ಅಂದರು.

ಚಹಾ ಬಂತು. ಹೆಂಡತಿ ಒಳಗೆ ಹೋದ ಮೇಲೆ, ಇಷ್ಟು ವರ್ಷ ನನ್ನೊಳಗೇ ಸುತ್ತುತ್ತಿದ್ದದ್ದನ್ನು ಕೇಳಿದೆ.

“ಆ ದಿನ ಅವರ ಮುಂದೆ ನನ್ನನ್ನ ತೋರಿಸಿದ್ರಲ್ಲ ಕಾಕಾ. ಕೊಲ್ಲೋದಿಲ್ಲ ಅಂತ ನಿಮಗೆ ಗೊತ್ತಿತ್ತಾ?”

ಹೌದು ಎನ್ನುತ್ತಾರೆ ಎಂದುಕೊಂಡಿದ್ದೆ. ಆ ಜನರನ್ನು ಬಲ್ಲೆ, ಹೆದರುವಂಥದ್ದೇನೂ ಇರಲಿಲ್ಲ ಎನ್ನುತ್ತಾರೆ, ಆಮೇಲೆ ನಾನು ನಿದ್ದೆ ಮಾಡಬಹುದು ಎಂದುಕೊಂಡಿದ್ದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ಇಲ್ಲ” ಅಂದರು. “ನಿನ್ನ ಹೊಡೀತಾರೋ, ಕೊಲ್ತಾರೋ, ಬಿಡ್ತಾರೋ, ನನಗೇನೂ ಗೊತ್ತಿದ್ದಿಲ್ಲ ತಮ್ಮಾ. ಯಾರು ಹಾಕಿದ್ದು ಅನ್ನೂದು ಗೊತ್ತಿತ್ತು. ಅಷ್ಟ ಹೇಳ್ದೆ.”